ಬಿಸಿಲಿಗಿಟ್ಟ ಬಾಸ್ ಗಿಟಾರು

೧ ಅಕ್ಟೋಬರ್ ೨೦೨೫, ಬುಧವಾರ. ಆಯುಧಪೂಜೆ.

ಮಗಳು ಸಿಂಚನಾಳ ಬಾಸ್ ಗಿಟಾರನ್ನು ನಾನೇ ಹಾಳು ಮಾಡಿದೆನೇನೋ.

ಅವಳು ಹರಿಹರಕ್ಕೆ ಗೆಳತಿಯ ಮನೆಗೆ ಹೋಗಿದ್ದಾಳೆ. ಈ ವರ್ಷ ಸ್ಕೂಟರಿನ ಜೊತೆ ಅದನ್ನೂ ಪೂಜೆಗಿಡೋಣವೆಂದು ನೀರಿನಿಂದ ತೊಳೆದೆ, ತಂತಿ ಒತ್ತುವ ಉದ್ದನೆಯ ಹಿಡಿಗೆಲ್ಲ ವಿಭೂತಿ ಬಳಿದೆ, ಒಣಗಲಿ ಎಂದು ತಾರಸಿಯ ಬಿಸಿಲಿಗಿಟ್ಟೆ. ಮಧ್ಯಾಹ್ನ ನೋಡಿದರೆ ಹಿಡಿ ಬಾಗಿದೆ. ತಂತಿ ಮೀಟಿದರೆ ಗರಗರ ಎನ್ನುತ್ತದೆ.

“ಅದಕ್ಕೆ ಪಾಲಿಶ್ ಇಲ್ರಿ, ಬರೇ ಕಟ್ಟಿಗೆ ಐತೆ. ಸ್ಕೂಟರ್ ತೊಳ್ದಂಗೆ ತೊಳ್ದೀರಲ್ರಿ!” ಎಂದಳು ಹೆಂಡತಿ ಶಾಂತಕುಮಾರಿ.

ಹೋದ ವರ್ಷ ಅದರ ಬೆಲೆ ಕೇಳಿ ಮನೆಯಲ್ಲಿ ಕೂಗಾಡಿದ್ದೆ. ನಾವು ಹುಡುಗರಿದ್ದಾಗ ನಮ್ಮೂರ ಪಿ.ಜೆ. ಬಡಾವಣೆಯ ಆರ್ಕೆಸ್ಟ್ರಾದವರು ಬಾಡಿಗೆ ಗಿಟಾರಿನಲ್ಲೇ ಊರನ್ನು ಕುಣಿಸಿದ್ದರು. ಒಂದು ತುಂಡು ಮರಕ್ಕೆ ಇಷ್ಟು ಸುರಿಯುವುದು ಸೊಕ್ಕು ಎಂದಿದ್ದೆ. “ಅಪ್ಪಾಜಿ, ಅಂಗಡೀದು ನನ್ನ ಕೈಗೆ ಆಗಲ್ರಿ” ಎಂದಿದ್ದಳು, ಅಷ್ಟೇ.

ಅದಕ್ಕೂ ಮೊದಲು ಗುತ್ತೂರಿನ ಹತ್ತಿರ ಅವಳಿಗೆ ಲಾರಿ ಗುದ್ದಿತ್ತು; ಅಂದಿನಿಂದ ಅವಳ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಗಿಟಾರು ಬಾರಿಸುವುದನ್ನು ಬಿಟ್ಟಳು, ಆಮೇಲೆ ನಮ್ಮೊಡನೆ ಮಾತನ್ನೂ ಬಿಟ್ಟಳು. ಗಿಟಾರು ಮಾಡುವವನು ಆ ಕೈಯ ಅಚ್ಚು ತೆಗೆದುಕೊಂಡು, ಉಳಿದ ಬೆರಳುಗಳಿಗೆ ನಿಲುಕುವಂತೆ ಈ ಬಾಸಿನ ಹಿಡಿ ಕೆತ್ತಿಕೊಟ್ಟ. ಆಗ ಮನೆಯಲ್ಲಿ ಮತ್ತೆ ಅವಳ ದನಿ ಕೇಳಿಸಿತು. ಜನ ಅಷ್ಟೊಂದು ಯಾಕೆ ಕೊಡುತ್ತಾರೆಂದು ಇವತ್ತು ತಿಳಿಯಿತು. ಇಂಥದ್ದು ಇನ್ನೊಂದು ಯಾವ ಅಂಗಡಿಯಲ್ಲೂ ಇಲ್ಲ.

ಸಂಜೆ ಫೋನ್ ಮಾಡಿದ್ದಳು. “ಅಪ್ಪಾಜಿ, ನನ್ನ ಬಾಸ್‌ಗೂ ಪೂಜೆಯಂತೆ? ಬೆಳಿಗ್ಗೆನೇ ಅಮ್ಮ ಹೇಳಿದ್ಲು. ಅಂತೂ ಒಪ್ಪಿಕೊಂಡ್ರಿ ಬಿಡ್ರಿ!” ಎಂದು ನಕ್ಕಳು. ಎಷ್ಟು ದಿನವಾಗಿತ್ತು ಆ ನಗು ಕೇಳಿ.

“ಹೂನಮ್ಮ” ಎಂದೆ. ಬಾಗಿದೆ ಎನ್ನಲು ಬಾಯಿ ಬರಲಿಲ್ಲ. ನಾಳೆ ಬಂದು ಅದನ್ನು ಕೈಗೆತ್ತಿಕೊಂಡು, ಮತ್ತೆ ಏನೂ ಮಾತಾಡದೆ ಕೋಣೆಗೆ ಹೋಗಿಬಿಟ್ಟರೆ ಏನು ಮಾಡಲಿ?