ಬಾಲಯೇಸುವಿನ ಕೊರಳಿನ ಮೊಳೆ

ಸಿಯೆನಾ, ಆಗಸ್ಟ್ ಐದು, 1453

ಅಣ್ಣಾ ಸವೀನೊ,

'ಪ್ರೀತಿಯ' ಎಂದು ಮೊದಲು ಹಾಕು ಎಂದು ಅಜ್ಜಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಹಾಕಿದ್ದೇನೆ ಎಂದೆ. ನಿನ್ನ ಕೆಮ್ಮು ಹೇಗಿದೆ? ಫ್ಲಾರೆನ್ಸಿನ ಆ ಹೊಳೆಯ ತೇವದಲ್ಲಿ ಅದು ಹೋಗಿರಲಿಕ್ಕಿಲ್ಲ. ಅಜ್ಜಿಯ ಮೊಣಕಾಲು ಹಾಗೇ ಇದೆ, ನಾಲಿಗೆ ಮಾತ್ರ ಗಟ್ಟಿಯಾಗಿದೆ. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ, ಅದಕ್ಕೇ ಈ ಕಾಗದ. ಒಂಬತ್ತನೇ ವಯಸ್ಸಿಗೆ ಲೆಕ್ಕದ ಶಾಲೆ ಬಿಟ್ಟವನ ಅಕ್ಷರ ಇದು. ಫ್ಲಾರೆನ್ಸಿನ ಗೆಳೆಯರಿಗೆ ತೋರಿಸಿ ನಗಬೇಡ.

ಈಸ್ಟರ್ ಹಬ್ಬಕ್ಕೆ ಬಂದಾಗ ನೀನು ಏನು ಮಾಡಿದೆ, ನೆನಪಿದೆಯಾ? ಕಾರ್ಖಾನೆಯಲ್ಲಿ ಅರ್ಧ ಬೀದಿಯ ಜನ ಸೇರಿದ್ದರು. ಅಪ್ಪ ಸಂಘದವರ ಪೀಠಕ್ಕೆಂದು ಬರೆದ ಚಿತ್ರದ ಹಲಗೆಯ ಮೇಲಿನ ಬಟ್ಟೆ ಸರಿಸಿದ. ಮರಿಯಮ್ಮ, ಮಡಿಲಲ್ಲಿ ಮಗು, ಎರಡು ಕಡೆ ಸಂತರು, ಹಿಂದೆಲ್ಲ ಚಿನ್ನ. ಎಲ್ಲರೂ ಶಿಲುಬೆಯ ಗುರುತು ಹಾಕಿಕೊಂಡರು. ನೀನು ಮಾತ್ರ ತಲೆ ಓರೆ ಮಾಡಿ, "ಅಪ್ಪಾ, ನಿನ್ನ ಸಂತರ ಕಾಲಡಿ ನೆಲಾನೇ ಇಲ್ವಲ್ಲ. ಅಂಗಡೀಲಿ ತೂಗುಹಾಕಿದ ಹಂದಿ ತೊಡೆ ಥರ ನೇತಾಡ್ತಾ ಇದಾರೆ" ಅಂದೆ. ಅಪ್ಪ, "ಸ್ವರ್ಗದಲ್ಲಿ ನೆಲ ಯಾಕೋ ಮಗನೇ, ಅಲ್ಲೇನು ಕಸ ಗುಡಿಸಬೇಕಾ?" ಅಂದ. ಎಲ್ಲರೂ ನಕ್ಕರು, ನೀನೂ ನಕ್ಕೆ. ಅಪ್ಪನೂ ನಕ್ಕ. ಆದರೆ ನೀನು ಹೊರಟುಹೋದ ಮೇಲೆ ಅಪ್ಪ ಆ ಹಲಗೆಯ ಮುಂದೆ ಕೂತು ಸಂತರ ಪಾದಗಳನ್ನೇ ನೋಡುತ್ತಿದ್ದ. ಊಟಕ್ಕೆ ಕರೆದರೆ, "ಹುಡುಗ ಹೇಳಿದ್ದು ಸುಳ್ಳಲ್ಲ ಕಣೋ" ಅನ್ನುತ್ತಿದ್ದ. ನಲವತ್ತು ವರ್ಷ ಸಂತರನ್ನು ಚಿನ್ನದಲ್ಲಿ ನಿಲ್ಲಿಸಿದವನು! ಆವತ್ತು ನಿನ್ನ ಹಲ್ಲು ಮುರಿಯಬೇಕಿತ್ತು ನಾನು.

ಆಮೇಲೆ ಜೂನಿನಲ್ಲಿ ನಿನ್ನ ಹಾಳೆ ಬಂತು. ನೆಲ ಬರೆಯುವುದು ಹೇಗೆ, ದೂರ ಹೋದಂತೆ ಹಾಸುಗಲ್ಲು ಹೇಗೆ ಚಿಕ್ಕದಾಗಬೇಕು, ಒಂದು ಬಿಂದುವಿಗೆ ಮೊಳೆ ಹೊಡೆದು ಅಲ್ಲಿಂದ ದಾರ ಎಳೆದು ಗೆರೆ ಹಾಕುವುದು ಹೇಗೆ, ಎಲ್ಲ ಬರೆದಿದ್ದೆ. ಅಪ್ಪ ಅದನ್ನು ಜಪದ ಪುಸ್ತಕದ ಹಾಗೆ ಎದೆಯಲ್ಲಿಟ್ಟುಕೊಂಡು ಓಡಾಡಿದ. ಅಡುಗೆಮನೆಯ ನೆಲದ ತುಂಬ ಇದ್ದಿಲಿನ ಗೆರೆ. ಅಜ್ಜಿ ಒರೆಸುವುದು, ಅವನು ಮತ್ತೆ ಎಳೆಯುವುದು. "ಐವತ್ತೆಂಟಕ್ಕೆ ಅಂಬೆಗಾಲಿಡ್ತಾ ಇದೀಯಲ್ಲೋ, ನಾಚಿಕೆ ಇಲ್ವಾ?" ಎಂದು ಅಜ್ಜಿ ಬೈದರೆ, "ನಡೆಯೋದು ಈಗ ಕಲೀತಾ ಇದೀನಿ ಕಣಮ್ಮ" ಅನ್ನುತ್ತಿದ್ದ. ಅಷ್ಟು ಖುಷಿಯಾಗಿದ್ದ. ಅದನ್ನು ನೆನೆದರೇ ನನಗೆ ಹೆಚ್ಚು ಸಿಟ್ಟು.

ನಿನ್ನ ಹಾಳೆಯಲ್ಲಿ ಒಂದು ಮಾತು ಇರಲಿಲ್ಲ. ಗೆರೆ ಮೊದಲು, ಚಿನ್ನ ಆಮೇಲೆ ಎಂಬ ಮಾತು. ಅಲ್ಲಿ ನೀವು ಇನ್ನೂ ಏನೂ ಬರೆಯದ ಹಲಗೆಯ ಮೇಲೇ ಗೆರೆ ಎಳೆಯುತ್ತೀರಂತೆ, ಮೊನ್ನೆ ಅಲ್ಲಿಂದ ಬಂದ ಬಡಗಿ ಹೇಳಿದ. ನಮ್ಮ ಮನೆಯಲ್ಲಿ ಯಾವತ್ತೂ ಚಿನ್ನವೇ ಮೊದಲಲ್ಲವಾ? ಚಿನ್ನ ಹಾಸಿ, ನಾಯಿಹಲ್ಲಿನಿಂದ ಉಜ್ಜಿ ಹೊಳಪು ಬರಿಸಿದ ಮೇಲೇ ಬಣ್ಣ ಕಲಸಲು ಮೊಟ್ಟೆ ಒಡೆಯುವುದು. ನೀನೂ ಹಾಗೇ ಕಲಿತವನು, ನಿನಗೆ ಗೊತ್ತಿಲ್ಲವೇ? ಅಪ್ಪ ಸಂತರ ಕಾಲಡಿ ನೆಲ ಬರೆಯಲು ಮುಗಿದ ಹಲಗೆಯ ಮೇಲೇ ಬಿಂದು ಅಳೆದ. ಅದು ಮಗುವಿನ ಕೊರಳಿಗೆ ಬಿತ್ತು. ಮೊಳೆ ಹೊಡೆದದ್ದಾಯಿತು. ಒಳಗೆ ಎರಡು ಹಲಗೆ ಕೂಡಿಸಿದ ಸಂದು ಇತ್ತು, ಯಾರಿಗೂ ನೆನಪಿರಲಿಲ್ಲ. ಸುಣ್ಣದ ಲೇಪ ಟಕ್ಕೆಂದಿತು. ಮಗುವಿನ ಕೆನ್ನೆ ಸೀಳಿಕೊಂಡು, ತಾಯಿಯ ಗಲ್ಲ ದಾಟಿ, ಚಿನ್ನದೊಳಗೆ ಒಂದು ಗೇಣು ಬಿರುಕು ಹೋಯಿತು. ಹನ್ನೊಂದು ದಿನ ಕೂತು ಬರೆದ ಮುಖ ಅಣ್ಣಾ ಅದು. ಪೇಟೆಯ ಕೋಳಿಯ ಮೊಟ್ಟೆಯೇ ಬೇಕು, ಹಳ್ಳಿ ಮೊಟ್ಟೆಯ ಕಡು ಹಳದಿಯಲ್ಲಿ ಮಗು ಮುದುಕನಾಗುತ್ತೆ ಎಂದು ನನ್ನನ್ನು ಊರೆಲ್ಲ ಅಲೆಸಿ ತರಿಸಿದ ಮೊಟ್ಟೆ.

ಮರುದಿನವೇ ಹಲಗೆ ಬರೆಸಿದ ಸಂಘದ ಹಿರಿಯ ಬಿಂಡೊ ಬಂದು ನೋಡಿದ. ಅಪ್ಪ, "ನನ್ನ ಕೈ ಜಾರ್ತು ಸ್ವಾಮೀ" ಅಂದ. ಆ ಹೋತನ ಗಡ್ಡದವನು, "ನಡುಗೋ ಕೈಗೆ ಜಪಮಾಲೆ ಸಾಕು, ವನ್ನಿ" ಎಂದು ಅಪ್ಪನ ಹೆಸರು ಹಿಡಿದು ನಕ್ಕ. ಹದಿನೈದಕ್ಕೆ ಮಾತೆಯ ಹಬ್ಬ. ಹದಿನಾಲ್ಕರ ಮಧ್ಯಾಹ್ನ ಸಂಘದವರು ಹಲಗೆ ಒಯ್ಯಲು ಬರುತ್ತಾರೆ. ಆಗ ಸರಿ ಇಲ್ಲದಿದ್ದರೆ ಪೀಠದ ಮೇಲೆ ಎದುರು ಬೀದಿಯ ಪುಚ್ಚೊ ಬರೆದದ್ದು ಕೂರುತ್ತದೆ. ಇನ್ನೊಂದು ಹಲಗೆ ಬರೆಯುವ ಕಣ್ಣು ಅಪ್ಪನಿಗೆ ಉಳಿದಿಲ್ಲ. ಇದೇ ಕೊನೆಯದು, ಅದು ಅವನಿಗೂ ಗೊತ್ತು.

ಬಿರುಕಿಗೆ ಲೇಪ ತುಂಬಿ ಚಿನ್ನ ಕೂರಿಸುವುದು ನನಗೆ ಬರುತ್ತದೆ. ಮುಖ ಬರುವುದಿಲ್ಲ. ಚೂರು ಹಲಗೆಯ ಮೇಲೆ ಮೂರು ಸಲ ಬರೆದು ನೋಡಿದೆ, ಮೂರೂ ರೊಟ್ಟಿಯ ಹಿಟ್ಟು. ಅಪ್ಪ ಕೂತರೆ ಮಗುವಿಗೆ ಮೂರು ಕಣ್ಣು ಕಾಣುತ್ತದಂತೆ. ಮುಖ ಬರೆಯುವ ಕೈ ಈ ಮನೆಯಲ್ಲಿ ನಿನ್ನದೊಂದೇ. ನಿನಗೆ ಹೇಳಿಕಳಿಸೋಣ ಎಂದರೆ ಅಪ್ಪ ಕುಂಚ ಎಸೆದ. "ಅವನಿಗೆ ತಿಳಿಸ್ಬೇಡ. ನನ್ನ ಹಾಳೆಯಿಂದ ಆಯ್ತು ಅಂತ ಕೊರಗ್ತಾನೆ" ಅಂದ. ಕೊರಗು. ಚೆನ್ನಾಗಿ ಕೊರಗು, ಆದರೆ ಹೇಸರಗತ್ತೆಯ ಮೇಲೆ ಕೂತು ದಾರಿಯಲ್ಲಿ ಕೊರಗು. ನಿನ್ನ ಯಜಮಾನ ಬಿಡದಿದ್ದರೆ ಓಡಿ ಬಾ. ಬಂದಮೇಲೆ ನೆಲ, ಗೆರೆ, ದಾರ ಎಂದು ಬಾಯಿ ತೆಗೆಯಬೇಡ. ಮಗುವಿನ ಮುಖ ಅಪ್ಪ ಬರೆದ ಹಾಗೇ ಬರಿ, ನಿನಗೆ ಎಷ್ಟೇ ಹಳೆಯದು ಅನ್ನಿಸಲಿ.

ಅಜ್ಜಿ ನಿನ್ನ ತಲೆಯ ಮೇಲೆ ಕೈ ಇಟ್ಟಿದ್ದಾಳೆ ಎಂದು ತಿಳಿದುಕೊಳ್ಳಬೇಕಂತೆ. ಎದೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ.

ನಿನ್ನ ತಮ್ಮ
ಅನ್ಸಾನೊ

ಮರೆತಿದ್ದೆ: ಈ ಕಾಗದ ಒಯ್ಯುವ ಬಡಗಿ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಅಪ್ಪನ ಕೈ ಜಾರಲಿಲ್ಲ. ಅಪ್ಪ ಬೆರಳಿಟ್ಟು ಜಾಗ ತೋರಿಸಿ, "ಮೆಲ್ಲಗೆ, ಅನ್ಸಾನೊ" ಅಂದ. ಸುತ್ತಿಗೆ ನನ್ನ ಕೈಯಲ್ಲಿತ್ತು. ನಾನು ನಿನ್ನನ್ನು ನೆನೆಸಿಕೊಂಡು ಹೊಡೆದೆ. ಅಪ್ಪನಿಗೆ ಅದು ಗೊತ್ತು, ಆದರೂ ಬಿಂಡೊನ ಮುಂದೆ ತನ್ನ ಕೈ ಎಂದ. ಮೊಳೆ ಇನ್ನೂ ಅಲ್ಲೇ ಇದೆ. ಕೀಳಲು ನನಗೆ ಕೈ ಬರುತ್ತಿಲ್ಲ, ನೀನು ಬಂದು ಕೀಳು.