ಮುಚ್ಚಳ ತೆಗೆದ ದಿನ

ಮಾರ್ಚ್ ೧೪, ಭಾನುವಾರ

ನನ್ನ ಮಾತಿನಮಲ್ಲಿಗೆ,

ಅಮ್ಮನ ಆಶೀರ್ವಾದಗಳು. ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀಯ, ಬೈದುಕೋ. ಚಿಕ್ಕವಳಿದ್ದಾಗ ನಿನ್ನ ಬಾಯಿ ಮುಚ್ಚಿಸಲು ಒದ್ದಾಡಬೇಕಿತ್ತು. ಈಗ ಒಂದೇ ಸಾಲು ಬರೆದಿದ್ದೀಯ: ‘ಚಿಕ್ಕಮ್ಮನ ಮನೆಯಿಂದ ನಾನು ಬರೆದ ಕಾಗದಗಳು ನಿನಗೆ ಸಿಕ್ಕಿದ್ದವಾ ಅಮ್ಮಾ?’ ಉತ್ತರ ಬರೆಯಲು ಕೂತಾಗಲೆಲ್ಲ ಏನೋ ಒಂದು ಕೆಲಸ ನೆನಪು ಮಾಡಿಕೊಂಡು ಎದ್ದುಬಿಡುತ್ತಿದ್ದೆ.

ಆ ಕೆಲಸಗಳಲ್ಲೊಂದು ಕೋಳಿಮೊಟ್ಟೆ. ಇಪ್ಪತ್ತೆರಡು ವರ್ಷ ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕೈ ಸುಮ್ಮನೆ ಕೂರುತ್ತದೆಯೇ? ನಿನ್ನ ತಮ್ಮ ಒಂದು ಪುಟ್ಟ ಕಾವುಪೆಟ್ಟಿಗೆ ತಂದುಕೊಟ್ಟ. ಹನ್ನೊಂದು ಮೊಟ್ಟೆ ಇಟ್ಟು ಅಡುಗೆಮನೆಯ ಕಪಾಟಿನ ಪಕ್ಕ ಇರಿಸಿದೆ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಆರು ಮರಿಗಳು ತಾವಾಗಿಯೇ ಹೊರಬಂದವು. ಉಳಿದ ಐದೂ ಚಿಪ್ಪಿಗೆ ತೂತು ಕೊರೆದಿದ್ದವು. ಅವುಗಳಲ್ಲಿ ಒಂದು ಮಾತ್ರ ಕೊಕ್ಕಿನ ತುದಿ ಹೊರಗಿಟ್ಟು ಮಧ್ಯಾಹ್ನದವರೆಗೂ ಕೂಗಿತು. ನನಗೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದೆ.

ಹ್ಯಾಚರಿಯಲ್ಲಿ ಈ ಹೊತ್ತಿನಲ್ಲಿ ಬಾಗಿಲು ಮುಟ್ಟಿದವರಿಗೆ ನಾನೇ ಗ್ರಹಚಾರ ಬಿಡಿಸುತ್ತಿದ್ದೆ. ಒಳಗಿನ ತೇವ ಹೋದರೆ ಚಿಪ್ಪಿನ ಕೆಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ಅಲುಗಾಡಲಾರದು. ಎಷ್ಟು ಹೊಸಬರಿಗೆ ಇದನ್ನು ಹೇಳಿಕೊಟ್ಟಿದ್ದೇನೋ.

“ಮುಚ್ಚೇ, ಹಬೆಯೆಲ್ಲ ಹೋಗುತ್ತೆ,” ಎಂದರು ನಿಮ್ಮಪ್ಪ.

“ಇದೊಂದಕ್ಕೆ ಸ್ವಲ್ಪ ನೀರು ಹಚ್ಚಿಬಿಡ್ತೀನಿ, ಸುಮ್ನಿರಿ,” ಎಂದೆ.

ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಪೊರೆ ನೆನೆಸಿದೆ. ಸಾಸಿವೆಯಷ್ಟು ಚಿಪ್ಪು ಬಿಡಿಸಿದೆ, ರಕ್ತ ಕಂಡ ಕೂಡಲೇ ನಿಲ್ಲಿಸಿದೆ, ಅರ್ಧ ಗಂಟೆ ಬಿಟ್ಟು ಮತ್ತೆ ಮುಚ್ಚಳ ತೆಗೆದೆ. ಹೀಗೆ ಏಳು ಸಲ. ಸಂಜೆಗೆ ಮರಿ ನನ್ನ ಅಂಗೈಗೆ ಬಂತು. ನಿನ್ನ ತಮ್ಮ, ಅಷ್ಟು ದೊಡ್ಡವನು, ಕುಣಿದಾಡಿಬಿಟ್ಟ. ಈಗ ಎಲ್ಲಕ್ಕಿಂತ ಪೋಕರಿ ಅದೇ. ನನ್ನ ಚಪ್ಪಲಿಯನ್ನೂ ಕುಕ್ಕುತ್ತದೆ.

ಉಳಿದ ನಾಲ್ಕು ಮರುದಿನವೂ ಬರಲಿಲ್ಲ. ಬಿಡಿಸಿ ನೋಡಿದೆ. ಪೊರೆ ಕಾಗದದ ಹಾಗೆ ಒಣಗಿ ಅಂಟಿತ್ತು. ನಾಲ್ಕೂ ಗಟ್ಟಿಮುಟ್ಟಾದ ಮರಿಗಳು, ಒಳಗೇ ಸತ್ತಿದ್ದವು. ತಾವೇ ಬರುತ್ತವೆ ಬಿಡು ಎಂದುಕೊಂಡು ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ನೀನೂ ಗಟ್ಟಿಮುಟ್ಟಾಗಿದ್ದೆ. ತಮ್ಮನಿಗೆ ಉಸಿರಾಟದ ತೊಂದರೆ ಶುರುವಾದಾಗ ನಿನಗೆ ಎಂಟು ವರ್ಷ. ಹದಿನೈದು ದಿನದ ಮಟ್ಟಿಗೆ ಎಂದು ನಿನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದೆ, ಮೂರು ವರ್ಷವಾಯಿತು. ಯಾರು ಕೇಳಿದರೂ, “ಅವಳು ಗಟ್ಟಿಗಿತ್ತಿ, ಅವಳ ಚಿಂತೆಯಿಲ್ಲ,” ಎನ್ನುತ್ತಿದ್ದೆ. ಅವನನ್ನು ಉಳಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ ಕಂದಾ. ನಿನ್ನ ಕಡೆ ನೋಡದೇ ಹೋದದ್ದಕ್ಕೆ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಣ್ಣಗಿರು, ನೂರು ಕಾಲ ಬಾಳು. ಮನಸ್ಸಾದರೆ ಬಾ. ಆಗದಿದ್ದರೆ ಬೈದಾದರೂ ಬರೆ, ಉದ್ದವಾಗಿ ಬರೆ.

ನಿನ್ನ
ಅಮ್ಮ

ತಾ.ಕ.: ಸಿಕ್ಕಿದ್ದವು. ಒಟ್ಟು ಹತ್ತೊಂಬತ್ತು. ತಮ್ಮನ ಕೆಮ್ಮು ಇಳಿದ ಮೇಲೆ ಸಮಾಧಾನವಾಗಿ ಓದೋಣವೆಂದು ಬಟ್ಟೆಗಳ ಕೆಳಗಿಟ್ಟವುಗಳಲ್ಲಿ ಮೂರನ್ನು ಒಡೆದೇ ಇರಲಿಲ್ಲ. ಈ ಬೆಳಿಗ್ಗೆ ಒಡೆದೆ. ಕೊನೆಯದರಲ್ಲೂ ಒಂದೇ ಸಾಲು, ದಪ್ಪ ಅಕ್ಷರದಲ್ಲಿ: ‘ಅಮ್ಮಾ, ನನಗೂ ಈಗ ಕೆಮ್ಮು ಬಂದಿದೆ.’