ಅವ್ವ ಬೀಗ ಹಾಕಿದ ದಿನ

ತುರ್ಭೆ, ನವೀ ಮುಂಬೈ
ಭಾನುವಾರ, 22 ಜೂನ್ 2025

ಪ್ರೀತಿಯ ಅಣ್ಣಾ,

ಹೇಗಿದ್ದೀ? ಹೋದ ಸಲ ಮಾತಾಡುವಾಗ ನಿನ್ನ ಕೆಮ್ಮು ನಮಗೆಲ್ಲ ಕೇಳಿಸಿತು. ಅವ್ವ ಅಂದಿನಿಂದ ಅದೇ ಜಪ ಮಾಡುತ್ತಿದ್ದಾಳೆ. ಗುಜರಾತಿನ ಕಡೆ, ನಿಮ್ಮ ವಾಪಿಯಲ್ಲಿ ಮಳೆ ಹಿಡಿಯಿತೇ? ಮಲಗುವ ಜಾಗ ಸೋರುವುದಿಲ್ಲ ತಾನೇ? ಹೋಟೆಲಿನ ಎಣ್ಣೆ ತಿಂಡಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ಈ ಕಾಗದದ ಜೊತೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದ್ದೇನೆ. ತಂದುಕೊಟ್ಟವರಿಗೂ ಒಂದೆರಡು ಕೊಡು. ಇಲ್ಲಿ ಅಪ್ಪ, ಅವ್ವ, ನಾನು ಮೂವರೂ ಇದ್ದೇವೆ. ಆರಾಮ ಇದ್ದೇವೆ ಎಂದು ಬರೆಯಲು ಹೋದೆ, ಕೈ ಓಡಲಿಲ್ಲ.

ಪಕ್ಕದ ಮನೆಯ ಹಣಮಂತ್ರಾಯ ಕಾಕಾ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದೆ. ನೀನು ಹೇಗಾಯಿತು, ಏನಾಯಿತು ಎಂದು ಕೇಳುತ್ತಲೇ ಇದ್ದೆ, ನಾನು ಫೋನ್ ಇಟ್ಟುಬಿಟ್ಟೆ. ಸಿಟ್ಟು ಮಾಡಿಕೊಳ್ಳಬೇಡ. ನಮ್ಮ ಕೋಣೆಯಲ್ಲಿ ಗುಟ್ಟಾಗಿ ಮಾತಾಡಲು ಜಾಗವೆಲ್ಲಿದೆ? ಅವ್ವ ಎದುರಿಗೇ ರೊಟ್ಟಿ ಬಡಿಯುತ್ತಿದ್ದಳು, ತಗಡಿನ ಗೋಡೆಯ ಆಚೆ ಕಾಕಾನ ಹೆಂಡತಿ ಶರಣಬಸಮ್ಮ ಚಿಗವ್ವ ಕೂತಿದ್ದಳು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ ಏನು ಮಾಡಿದಿ ಎಂದು ನೀನು ನನ್ನನ್ನು ಕಾಡುತ್ತಿದ್ದೆಯಲ್ಲ, ನೋಡು, ಇವತ್ತು ಕೆಲಸಕ್ಕೆ ಬಂತು. ನಾನು ಬರೆಯುವುದನ್ನು ಅವರಿಬ್ಬರಿಗೂ ಓದಲು ಬರುವುದಿಲ್ಲ.

ಅಣ್ಣಾ, ಆ ದಿನ ಕಾಕಾ ಹೋದ ಕೆಲಸಕ್ಕೆ ಹೋಗಬೇಕಾಗಿದ್ದವನು ನಮ್ಮ ಅಪ್ಪ. ಇದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಎದ್ದು ಹೋಗಿ ನೀರು ಕುಡಿದು ಬಂದೆ. ಎಷ್ಟು ದಿನವಾದರೂ ಇದು ನನ್ನ ತಲೆಯೊಳಗೆ ಕೂಡುತ್ತಿಲ್ಲ.

ನೀನು ವಾಪಿಗೆ ಹೋದ ಮೇಲೆ ಮನೆಯಲ್ಲಿ ಏನೇನು ಬದಲಾಯಿತು ಎಂಬುದನ್ನು ಮೊದಲು ಹೇಳಬೇಕು. ಸರ್ಕಾರದವರು ಹೆಂಗಸರ ಖಾತೆಗೆ ತಿಂಗಳು ತಿಂಗಳು ನೇರವಾಗಿ ಹಾಕುವ ರೊಕ್ಕ ಅವ್ವನಿಗೂ ನನಗೂ ಬರಲು ಶುರುವಾಯಿತಲ್ಲ, ಮೊದಲ ಕಂತು ಬಂದ ದಿನ ಅಪ್ಪ ನಕ್ಕುಬಿಟ್ಟಿದ್ದ. ‘ಇಷ್ಟರಾಗ ಮುಂಬೈದಾಗ ಏನ ಬರ್ತದ? ತಗೊಂಡು ಬಾ, ಬಾಡಿಗಿಗಿ ಹಾಕೂಣು’ ಅಂದ. ಗಲ್ಲಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಮಾಡಿದರು. ಒಬ್ಬಳು ಮಗನ ಕಿವಿ ಸೋರುವುದಕ್ಕೆ ಡಾಕ್ಟರಿಗೆ ತೋರಿಸಿದಳು, ಇನ್ನೊಬ್ಬಳು ಮಗಳನ್ನು ನರ್ಸಿಂಗ್ ಕ್ಲಾಸಿಗೆ ಸೇರಿಸಿದಳು. ಚಿಗವ್ವ ಹುಡುಗರಿಗೆ ದಿನಾ ಹಾಲು ಹಾಕಿಸಿಕೊಂಡಳು. ಆ ಮನೆಯ ಇಬ್ಬರು ಹುಡುಗರೂ ಕರಿ ಚಹಾ ಬಿಟ್ಟು ಹಾಲು ಕುಡಿದದ್ದು ಅದೇ ಮೊದಲು. ನಮ್ಮ ಅವ್ವ ಮಾತ್ರ ಯಾರಿಗೂ ಹೇಳದೆ ಒಂದು ಚೀಲ ಜೋಳ, ಒಂದು ದಪ್ಪ ಕಬ್ಬಿಣದ ಹಂಚು ತಂದಿಟ್ಟಳು. ಅಪ್ಪನಿಗೆ ತಲೆ ಕೆಟ್ಟಿತು. ಬೆಳಿಗ್ಗೆ ರಸ್ತೆ ಕೂಡುವ ನಾಕಾದಲ್ಲಿ ಕೂಲಿಗೆ ನಿಲ್ಲುವ ಹೆಂಗಸು, ಬೆನ್ನ ಮೇಲೆ ಇಟ್ಟಿಗೆ ಹೊರುವವಳು, ಏಕಾಏಕಿ ವ್ಯಾಪಾರ ಮಾಡುತ್ತೇನೆ ಅಂದರೆ?

ಆದರೆ ಅವಳು ಮಾಡಿದಳು. ಮೊದಲು ನಮ್ಮ ಕಡೆಯ ಕೂಲಿ ಹುಡುಗರು ರೊಟ್ಟಿ ಒಯ್ದರು. ಆಮೇಲೆ ಸಾನಪಾಡಾದಲ್ಲಿ ನಾನು ಕೆಲಸ ಮಾಡುವ ಮೆಡಿಕಲ್ ಅಂಗಡಿಯ ಮಗ್ಗುಲಲ್ಲಿ ಉಡುಪಿಯವರ ಹೋಟೆಲ್ ಇದೆಯಲ್ಲ, ಅಲ್ಲಿಯ ರಘುಪತಿ ಸೇಠರ ಹೆಂಡತಿ ರಮಾಮಣಿಯವರು ನನ್ನ ಡಬ್ಬಿಯೊಳಗಿನ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ‘ಇದು ಭಾರೀ ಲಾಯ್ಕುಂಟು ಮಾರಾಯ್ತಿ, ನಿಮ್ಮ ಅಮ್ಮನಿಗೆ ದಿನಾ ಕೊಡ್ಲಿಕ್ಕೆ ಆಗ್ತದಾ ಕೇಳು’ ಅಂದರು. ಅಂದಿನಿಂದ ಅವ್ವ ನಾಕಾದಲ್ಲಿ ನಿಲ್ಲುವುದನ್ನು ಬಿಟ್ಟಳು. ಜೋಳ ಮುಗಿಯುವ ಹೊತ್ತಿಗೆ ಸರಿಯಾಗಿ ಸರ್ಕಾರದ ರೊಕ್ಕ ಬರುತ್ತಿತ್ತು, ಮತ್ತೆ ಚೀಲ ಬರುತ್ತಿತ್ತು. ಅವಳ ಬೆನ್ನು ನೋವು ಕಡಿಮೆಯಾಗಿದೆ ಅಣ್ಣಾ. ಹಾಡು ಗುನುಗುತ್ತಾಳೆ. ಅವ್ವನಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ, ನಿನಗೆ ಗೊತ್ತಿತ್ತೇ?

ಇನ್ನು ಆ ದಿನದ ಮಾತು. ಈ ತಿಂಗಳ ಮೊದಲ ವಾರ. ಮಳೆಗಾಲ ಜೋರಾಗುವ ಮೊದಲು ದೊಡ್ಡ ಕಟ್ಟಡಗಳ ಸೊಸೈಟಿಗಳಲ್ಲಿ ಸಂಡಾಸಿನ ಟಾಕಿ ಬಳಿಸುವ ಕೆಲಸ ಇರುತ್ತದಲ್ಲ, ಅದಕ್ಕೆ ಜನ ಬೇಕೆಂದು ಕೂಲಿ ಗುತ್ತಿಗೆಯ ಮುಕಾದಮ ಬೆಳಿಗ್ಗೆ ನಮ್ಮ ಬಾಗಿಲಿಗೇ ಬಂದ. ನೆರೂಳದಲ್ಲಿ ಕೆಲಸ, ಎರಡು ಪಟ್ಟು ಕೂಲಿ. ಅಪ್ಪ ಅಂಗಿ ಹಾಕಿಕೊಳ್ಳತೊಡಗಿದ. ಹೋದ ವರ್ಷ ಇಂಥದೇ ಕೆಲಸಕ್ಕೆ ಹೋಗಿ ಕಣ್ಣು ಕೆಂಪಗೆ ಮಾಡಿಕೊಂಡು, ವಾಂತಿ ಮಾಡುತ್ತ, ಇಬ್ಬರ ಹೆಗಲ ಮೇಲೆ ಬಂದಿದ್ದ. ಆಗ ನೀನೂ ಇದ್ದೆ. ಅವತ್ತು ಅವ್ವ ಏನೂ ಅನ್ನಲಿಲ್ಲ, ಅನ್ನುವ ಹಾಗೆ ಮನೆಯಲ್ಲಿ ಏನೂ ಇರಲಿಲ್ಲ. ಈ ಸಲ ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತು ‘ಇವತ್ತ ಹೋಗಬ್ಯಾಡ್ರಿ’ ಅಂದಳು. ಅಪ್ಪ ಕೇಳಿಸಿಕೊಳ್ಳದವನಂತೆ ಗುಂಡಿ ಹಾಕಿಕೊಂಡ. ‘ಮನ್ಯಾಗ ಹಿಟ್ಟದ, ರೊಕ್ಕ ಅದ. ಆ ಟಾಕಿಯೊಳಗ ಯಾಕ ಇಳೀತೀರಿ?’ ಅಂದಳು. ಅಪ್ಪನಿಗೆ ಮುಕಾದಮನ ಮುಂದೆ ಅವಮಾನವಾಯಿತು. ‘ಹೆಂಗಸರ ರೊಕ್ಕದಾಗ ಕೂತು ತಿನ್ನಂತಿ ಏನು?’ ಎಂದು ಕೂಗಿದ.

ಅವ್ವ ರೊಟ್ಟಿ ಬುಟ್ಟಿ ಎತ್ತಿಕೊಂಡು ಹೊರಗೆ ಹೋದಳು. ಬಾಗಿಲು ಎಳೆದ ಸದ್ದು, ಆಮೇಲೆ ಬೀಗದ ಸದ್ದು. ನಾನೂ ಒಳಗೇ ಇದ್ದೆ! ಬಾಚಣಿಗೆ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟೆ. ನಮ್ಮ ಅವ್ವ, ಅಪ್ಪನ ಎದುರು ಸೆರಗು ಸರಿಮಾಡಿಕೊಳ್ಳದೆ ಮಾತಾಡದವಳು, ಅಪ್ಪನನ್ನು ಮನೆಯೊಳಗೆ ಹಾಕಿ ಬೀಗ ಜಡಿದಳು. ಕಿಟಕಿಯಿಂದ ನೋಡಿದರೆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅಪ್ಪ ಬಾಗಿಲು ಗುದ್ದಿದ, ಬೈದ, ಬಾಯಿಗೆ ಬಂದದ್ದೆಲ್ಲ ಅಂದ. ಗಲ್ಲಿಯೆಲ್ಲ ನಗುತ್ತಿತ್ತು. ಹೌದು ಅಣ್ಣಾ, ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಹಣಮಂತ್ರಾಯ ಕಾಕಾ ನಗುತ್ತಿದ್ದ. ‘ನಮ್ಮ ಸಾಬವ್ವಕ್ಕ ಪೊಲೀಸ್ ಆಗ್ಯಾಳಪ್ಪೋ’ ಅಂದ.

ಮುಕಾದಮ ಹೊತ್ತಾಯಿತೆಂದು ಗೊಣಗುತ್ತಿದ್ದ. ಆಗ ಕಾಕಾ ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಕಿಟಕಿಯ ಸಂದಿಗೆ ಸಿಕ್ಕಿಸಿ ‘ನಾ ಬರ್ತೀನಿ, ನಡಿ’ ಎಂದುಬಿಟ್ಟ. ಅವ್ವ ಗಲ್ಲಿಯ ತಿರುವಿನವರೆಗೆ ಹೋದವಳು ಓಡಿ ಬಂದಳು. ‘ನೀನೂ ಹೋಗಬ್ಯಾಡೋ ತಮ್ಮಾ’ ಅಂದಳು. ಕಾಕಾ ನಗುನಗುತ್ತಲೇ ಅಂದ ಮಾತು ನನ್ನ ಕಿವಿಯಲ್ಲಿದೆ: ‘ನಿನ್ನ ಖಾತೆಗಿ ರೊಕ್ಕ ಬರ್ತಾವಕ್ಕಾ, ನೀ ಬೀಗ ಹಾಕ್ತಿ. ನಮ್ಮಾಕಿಗಿ ಬರೂದು ನಿಂತದ. ಹುಡುಗರ ಸಾಲಿ ಶುರು ಆಗ್ತದ.’ ಚಿಗವ್ವನ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ರೀಚಾರ್ಜ್ ಇಲ್ಲದೆ ಬಂದ್ ಆಗಿ, ಬ್ಯಾಂಕಿನ ಕೆಲಸ ಅರ್ಧಕ್ಕೆ ನಿಂತು, ರೊಕ್ಕ ಬರುತ್ತಿರಲಿಲ್ಲ. ಅಷ್ಟೇ ಅಣ್ಣಾ. ಎರಡು ಮನೆಗಳ ನಡುವೆ ಇದ್ದದ್ದು ಒಂದು ತಗಡು, ಒಂದು ಬಂದಾದ ನಂಬರು. ಕಾಕಾ ಮುಕಾದಮನ ಸ್ಕೂಟರಿನ ಹಿಂದೆ ಕೂತು, ಕಿಟಕಿಯೊಳಗಿನ ಅಪ್ಪನಿಗೆ ಕೈ ಮಾಡಿ ಹೋದ.

ಮಧ್ಯಾಹ್ನ ಅವ್ವ ಬಂದು ಬೀಗ ತೆಗೆದಳು. ಅಪ್ಪ ಬೆಳಗಿನಿಂದ ಕಟ್ಟಿಟ್ಟುಕೊಂಡ ಸಿಟ್ಟನ್ನೆಲ್ಲ ಒಂದೇ ಸಲ ಹೊರಹಾಕಿದ. ಅವಳ ಬುಟ್ಟಿ ಒದ್ದ. ನಾನು ನಡುವೆ ಹೋಗಿ ನಿಂತೆ. ‘ಇವತ್ತಿಂದ ಈ ಮನ್ಯಾಗ ಆ ರೊಕ್ಕದ್ದ ಮಾತ…’ ಎನ್ನುವಷ್ಟರಲ್ಲಿ ಗಲ್ಲಿಯ ಆ ಕೊನೆಯಿಂದ ಒಂದು ಕೂಗು ಬಂತು. ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಟಾಕಿಗೆ ಇಳಿದ ಕಾಕಾ ಮೇಲೆ ಬರಲಿಲ್ಲವಂತೆ. ಸೊಂಟಕ್ಕೆ ಹಗ್ಗ ಇಲ್ಲ, ಮುಖಕ್ಕೆ ಏನೂ ಇಲ್ಲ. ಅಗ್ನಿಶಾಮಕ ದಳದವರು ಬಂದು ಎಳೆದು ಹಾಕುವಾಗ ಜೀವ ಹೋಗಿತ್ತು. ಅಪ್ಪ ಬರಿಗಾಲಲ್ಲಿ ಓಡಿದ. ಅವ್ವ ಹೊಸ್ತಿಲ ಮೇಲೆ ಕೂತಳು. ಕಾಕಾನ ಬ್ರಷ್ಷು ಕಿಟಕಿಯಲ್ಲಿ ಹಾಗೇ ಇತ್ತು.

ಹೆಣ ಮನೆಗೆ ಬಂದಾಗ ಚಿಗವ್ವ ಎಲ್ಲರ ಎದುರು ಅವ್ವನ ಸೆರಗು ಹಿಡಿದು ಜಗ್ಗಿದಳು. ‘ನಿನ್ನ ಗಂಡನ್ನ ಕೂಡಿ ಹಾಕಿದಿ, ನನ್ನ ಗಂಡನ್ನ ಕಳಿಸಿದಿ’ ಅಂದಳು. ಅವ್ವ ಸೆರಗು ಬಿಡಿಸಿಕೊಳ್ಳಲಿಲ್ಲ. ಚಿಗವ್ವನ ಕೈ ಸೋತು ತಾನಾಗಿ ಬಿಡುವವರೆಗೂ ಹಾಗೇ ನಿಂತಿದ್ದಳು. ನಾನು ಆ ಹೊತ್ತಿನಲ್ಲಿ ಅವ್ವನ ಮುಖ ನೋಡಿದೆ. ನೋಡಬಾರದಿತ್ತು ಅನ್ನಿಸಿತು.

ಮಣ್ಣು ಮಾಡಿ ಬಂದ ಮೂರನೆಯ ದಿನ ಮುಕಾದಮ ಒಂದು ಲಕೋಟೆಯ ತುಂಬ ನೋಟು, ಒಂದು ಕಾಗದ ಹಿಡಿದು ಬಂದ. ಚಿಗವ್ವ ಹೆಬ್ಬೆಟ್ಟು ಒತ್ತಬೇಕಂತೆ. ನಾನು ಕಾಗದ ಇಸಿದುಕೊಂಡು ಓದಿದೆ. ಮರಾಠಿಯಲ್ಲಿತ್ತು. ಕುಡಿದು ಬಂದಿದ್ದ, ತಾನಾಗಿ ಕಾಲು ಜಾರಿ ಬಿದ್ದ, ನಮ್ಮದೇನೂ ತಕರಾರಿಲ್ಲ ಎಂದಿತ್ತು. ಕಾಕಾ ಎಂದಾದರೂ ಕುಡಿದದ್ದು ನೀನು ನೋಡಿದ್ದೀಯಾ? ಚಿಗವ್ವ ಲಕೋಟೆಯನ್ನೇ ನೋಡುತ್ತಿದ್ದಳು. ಅವಳನ್ನು ಯಾವ ಬಾಯಿಂದ ಬೇಡ ಅನ್ನುವುದು? ಮನೆಯಲ್ಲಿ ಒಲೆ ಹೊತ್ತಿಸಲು ಏನೂ ಇರಲಿಲ್ಲ. ಅವ್ವ ಹೋಗಿ ಅವಳ ಪಕ್ಕ ಕೂತು ‘ಒಂದ ದಿನ ತಡಿ. ನಾಳಿ ಸಂಜಿಮಟಾ ತಡಿ. ಆಮ್ಯಾಲ ನಿನ್ನ ಇಷ್ಟ’ ಎಂದಳು. ಚಿಗವ್ವ ಅವಳ ಕಡೆ ನೋಡಲಿಲ್ಲ, ಆದರೆ ಹೆಬ್ಬೆಟ್ಟನ್ನೂ ಕೊಡಲಿಲ್ಲ.

ಆ ಸಂಜೆ ಅವ್ವ ಗಲ್ಲಿಯ ಒಂದೊಂದೇ ಬಾಗಿಲು ತಟ್ಟಿದಳು. ಈ ತಿಂಗಳು ನಿಮ್ಮ ನಿಮ್ಮ ಖಾತೆಗೆ ಬಂದದ್ದನ್ನು ಶರಣಬಸಮ್ಮನಿಗೆ ಕೊಡಿ ಎಂದು ಕೇಳಿದಳು. ಕೆಲವರು ಕೊಟ್ಟರು, ಕೆಲವರು ಬಾಗಿಲು ಮುಚ್ಚಿದರು. ನರ್ಸಿಂಗ್ ಕ್ಲಾಸಿನ ಹುಡುಗಿಯ ತಾಯಿ ಮೊದಲು ಆಗುವುದಿಲ್ಲ ಅಂದವಳು ಹಿಂದೆಯೇ ಓಡಿಬಂದು ಅರ್ಧ ಕೈಗಿತ್ತಳು. ಸಾನಪಾಡಾದ ಹೋಟೆಲಿನಲ್ಲಿ ಕೇಳಿದಾಗ ರಘುಪತಿ ಸೇಠರು ‘ಆ ಕಾಗದಕ್ಕೆ ಹೆಬ್ಬೆಟ್ಟು ಹಾಕ್ಲಿಕ್ಕೆ ಬಿಡ್ಬೇಡಿ, ಇದಕ್ಕೆ ಕಾನೂನು ಉಂಟು’ ಎಂದು ತಮ್ಮ ಗುರುತಿನ ವಕೀಲರಿಗೆ ಫೋನು ಹಚ್ಚಿದರು. ಟಾಕಿಯೊಳಗೆ ಮನುಷ್ಯರನ್ನು ಇಳಿಸುವುದೇ ತಪ್ಪಂತೆ, ಸತ್ತವರ ಮನೆಗೆ ಪರಿಹಾರ ಕೊಡಲೇಬೇಕಂತೆ. ನಮಗೆ ಯಾರಿಗೂ ಇದು ಗೊತ್ತಿರಲಿಲ್ಲ. ಮರುದಿನ ಚಿಗವ್ವನ ಮನೆಯಲ್ಲಿ ಅಕ್ಕಿ, ಹಿಟ್ಟು, ಹುಡುಗರ ಸಾಲಿ ಬಟ್ಟೆ ಇದ್ದವು. ಮುಕಾದಮ ಬಂದಾಗ ಅವಳು ಲಕೋಟೆಯನ್ನು ಮುಟ್ಟಲೇ ಇಲ್ಲ. ‘ನನ್ನ ಗಂಡ ಕುಡೀತಿರಲಿಲ್ಲ’ ಎಂದು ಒಂದೇ ಮಾತು ಅಂದಳು. ಅದನ್ನೇ ಠಾಣೆಯಲ್ಲೂ ಹೇಳಿದಳು. ಕೇಸು ದಾಖಲಾಗಿದೆ. ಪರಿಹಾರದ ಅರ್ಜಿ ಕೊಟ್ಟಿದ್ದೇವೆ, ಯಾವಾಗ ಬರುತ್ತದೋ ಗೊತ್ತಿಲ್ಲ. ಬ್ಯಾಂಕಿನಲ್ಲಿ ಅವಳ ಹೊಸ ನಂಬರು ಜೋಡಿಸಿ ಬಂದಿದ್ದೇನೆ.

ಈಗ ಚಿಗವ್ವ ಬೆಳಿಗ್ಗೆ ನಮ್ಮಲ್ಲಿಗೆ ಬಂದು ಅವ್ವನ ಜೊತೆ ರೊಟ್ಟಿ ಬಡಿಯುತ್ತಾಳೆ. ಇಬ್ಬರೂ ಮಾತಾಡುವುದಿಲ್ಲ. ನಮ್ಮ ಮನೆಯಲ್ಲಿ ಒಂದು ತುತ್ತೂ ತಿನ್ನುವುದಿಲ್ಲ, ತನ್ನ ಪಾಲು ಇಸಿದುಕೊಂಡು ಎದ್ದು ಹೋಗುತ್ತಾಳೆ. ಅವ್ವನ ಹಾಡು ನಿಂತಿದೆ. ಬುಟ್ಟಿಯನ್ನು ಸಾನಪಾಡಾಕ್ಕೆ ಹೊತ್ತೊಯ್ಯುವವನು ಅಪ್ಪ. ಯಾರೂ ಹೇಳಲಿಲ್ಲ, ಒಂದು ದಿನ ತಾನೇ ಎತ್ತಿ ತಲೆಯ ಮೇಲೆ ಇಟ್ಟುಕೊಂಡ. ಮೊನ್ನೆ ಹೋಗುವಾಗ ಬಾಗಿಲಲ್ಲಿ ನಿಂತು ಅವ್ವನಿಗೆ ‘ನಾ ಇರತಿರಲಿಲ್ಲ ನೋಡು’ ಅಂದ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

ಅವ್ವ, ಅಪ್ಪ ಇಬ್ಬರೂ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಔಷಧಿ ತಗೋ, ಒದ್ದೆ ಬಟ್ಟೆಯಲ್ಲಿ ಮಲಗಬೇಡ. ರಮಾಮಣಿ ಅಮ್ಮನೂ ನಿನ್ನನ್ನು ಕೇಳಿದರು.

ನಿನ್ನ ತಂಗಿ,
ನಿಶಾ

ತಾ.ಕ.: ಇದನ್ನು ಕೇಳಲಿಕ್ಕೇ ಬರೆಯಲು ಕೂತವಳು, ಕೇಳಲು ಧೈರ್ಯ ಬಾರದೆ ಇಷ್ಟುದ್ದ ಎಳೆದೆ. ಠಾಣೆಯ ಹೊರಗೆ ಮುಕಾದಮ ನನ್ನ ಹತ್ತಿರ ಬಂದು ‘ತೇರಾ ಭಾಯಿ ಭೀ ಯಹೀ ಕಾಮ್ ಕರ್ತಾ ಹೈ’, ನಿನ್ನ ಅಣ್ಣನದೂ ಇದೇ ಕೆಲಸ, ಎಂದು ತನ್ನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದ. ವಾಪಿಯಲ್ಲಿರುವ ಅವನ ಭಾವಮೈದುನ ಕಳಿಸಿದ್ದಂತೆ. ಗಟಾರದ ಬಾಯಿಂದ ಎದೆಯವರೆಗೆ ಹೊರಬಂದು ನಿಂತವನು ನೀನು. ನಮಗೆ ವೆಲ್ಡಿಂಗ್ ಕೆಲಸ ಎಂದು ಹೇಳಿದ್ದೆಯಲ್ಲ ಅಣ್ಣಾ! ಈ ಕೆಮ್ಮು ಅದರದೇ? ಅವ್ವನಿಗೆ ನಾನಿನ್ನೂ ಹೇಳಿಲ್ಲ. ಈ ತಿಂಗಳು ನನ್ನ ಹೆಸರಿಗೆ ಬಂದ ರೊಕ್ಕವನ್ನು ನಿನ್ನ ಖಾತೆಗೆ ಹಾಕಿದ್ದೇನೆ. ಯಾರನ್ನೂ ಕೇಳಬೇಡ, ಕೂಲಿ ಬಾಕಿ ಇದ್ದರೂ ಬಿಟ್ಟುಬಿಡು, ಕಾಗದ ಮುಟ್ಟಿದ ದಿನವೇ ರೈಲು ಹತ್ತು. ಬರುವ ಭಾನುವಾರದೊಳಗೆ ನೀನು ಬರದಿದ್ದರೆ ಅವ್ವನಿಗೆ ಎಲ್ಲ ಹೇಳಿ, ಅವಳನ್ನು ಕರೆದುಕೊಂಡು ನಾನೇ ಅಲ್ಲಿಗೆ ಬರುತ್ತೇನೆ.